ಡಿಕ್ಕಿಯಿಂದ ಡಿಕ್ಕಿಗೆ ಹೋಗದ ಕೋವಿ

ನ್ಯೂಜರ್ಸಿ ಕಡೆಯ ಕನ್ನಡಿಗರ ಸಂಸಾರ ನಡೆಯುವುದೇ ಕಾರಿನ ಡಿಕ್ಕಿಗಳ ಮೂಲಕ. ಭಾನುವಾರ ಬ್ರಿಡ್ಜ್‌ವಾಟರಿನ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ನಿಂತು ನೋಡಿ; ದರ್ಶನಕ್ಕೆ ಹೋಗುವವರಿಗಿಂತ ಡಿಕ್ಕಿ ತೆರೆದು ನಿಂತವರೇ ಹೆಚ್ಚು. ಇವರ ಡಿಕ್ಕಿಯಿಂದ ಅವರ ಡಿಕ್ಕಿಗೆ ಊರಿಂದ ಬಂದ ಹಪ್ಪಳ, ಮಗು ಬೆಳೆದು ಬಿಟ್ಟುಕೊಟ್ಟ ಕಾರ್ ಸೀಟು, ಕೆಟ್ಟಿದೆಯೋ ಇಲ್ಲವೋ ಯಾರಿಗೂ ಖಚಿತವಿಲ್ಲದ ವೆಟ್ ಗ್ರೈಂಡರು. ರಾಜ್ಯದ ಗಡಿ ಎಂದರೆ ನಮಗೆ ಟೋಲ್ ಕಟ್ಟುವ ಜಾಗ, ಅಷ್ಟೆ. ಆದ್ದರಿಂದ ನನ್ನ ಕೋವಿಯನ್ನು ಕೊಳ್ಳಲು ಒಪ್ಪಿದ ಹೆಂಡತಿಯ ತಮ್ಮ ಬೋಪಣ್ಣ, "ಟೆಂಪಲ್‌ಗೆ ಬರ್ತೀನಿ ಭಾವ, ಡಿಕ್ಕಿಯಿಂದ ಡಿಕ್ಕಿಗೆ ಹಾಕ್ಕೊಂಡ್ರಾಯ್ತು" ಎಂದಾಗ ಅದರಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ.

ಜಿರಳೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡುವ ಮೈಸೂರಿನವನಾದ ನನ್ನ ಬಳಿ ಕೋವಿ ಹೇಗೆ ಬಂತು ಎಂಬುದಕ್ಕೆ ಒಂದು ಚೆಂದದ ಕಥೆಯಿದೆ. ಹೇಳಿ ಹೇಳಿ ತೀರಾ ನುಣುಪಾಗಿರುವುದರಿಂದ ಅದರ ಮೇಲೆ ನನಗೇ ನಂಬಿಕೆಯಿಲ್ಲ. ಉಳಿದದ್ದು ಇಷ್ಟು: ಹೆಂಡತಿ ದೇಚಮ್ಮ ಕೊಡಗಿನವಳು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಗಂಧ ಹಚ್ಚಿ ಹೂವಿಟ್ಟು ಪೂಜಿಸಬೇಕು. ಮೊದಲ ವರ್ಷ ಅಡುಗೆಮನೆಯ ಚಾಕು ಇಟ್ಟು ನೋಡಿದೆವು. ಅವಳು ಮೂರು ದಿನ ಮಾತಾಡಲಿಲ್ಲ. ಅಥವಾ ಮಾತಾಡದಿದ್ದವನು ನಾನೋ. ಅಂತೂ ಬೆರಳಚ್ಚು ಕೊಟ್ಟು, ಪರವಾನಗಿಯ ಕಾರ್ಡು ಪಡೆದು, ಒಂದು ಸಾಧಾರಣ ಬೇಟೆಯ ರೈಫಲ್ ತಂದೆ. ಅದು ಈವರೆಗೆ ಒಂದು ಗುಂಡನ್ನೂ ಕಂಡಿಲ್ಲ. ಕಂಡದ್ದೆಲ್ಲ ಗಂಧ, ಕುಂಕುಮ, ಎಣ್ಣೆ. ವರ್ಷಕ್ಕೊಂದು ದಿನದ ಪೂಜೆಗಾಗಿ ಅದರ ಉಕ್ಕಿನ ಪೆಟ್ಟಿಗೆ ಕಪಾಟಿನಲ್ಲಿ ನನ್ನ ಅಂಗಿಗಳ ಜಾಗವನ್ನು ನುಂಗಿ ಕೂತಿತ್ತು. ಈ ವರ್ಷ ಬೋಪಣ್ಣ ನ್ಯೂಯಾರ್ಕ್ ನಗರದಾಚೆಯ ಹಿಕ್ಸ್‌ವಿಲ್‌ನಲ್ಲಿ ಮನೆ ಕೊಂಡ. ಹೊಸ ಮನೆಯ ಮೊದಲ ಹಬ್ಬಕ್ಕೆ ಊರವರನ್ನೆಲ್ಲ ಕರೆದ. ಅವನಿಗೆ ಕೋವಿ ಬೇಕಿತ್ತು, ನನಗೆ ಕಪಾಟು ಬೇಕಿತ್ತು.

ಊಟದ ಮೇಜಿನಲ್ಲಿ ಈ ಏರ್ಪಾಟನ್ನು ಕೇಳಿದ, ಕಾನೂನು ಓದುತ್ತಿರುವ ಮಗಳು ತಾರಾ ಚಮಚ ಕೆಳಗಿಟ್ಟಳು.

"ಅಪ್ಪಾ, ದಟ್ಸ್ ಎ ಫೆಲನಿ. ಜೈಲಾಗತ್ತೆ."

"ಸೋದರಮಾವ ಕಣೇ ಅವನು."

"ಹಿ ಲಿವ್ಸ್ ಇನ್ ನ್ಯೂಯಾರ್ಕ್. ಯೂ ಲಿವ್ ಇನ್ ಜರ್ಸಿ. ಲೈಸೆನ್ಸ್ ಇರೋ ಡೀಲರ್ ಮೂಲಕಾನೇ ಹೋಗ್ಬೇಕು."

"ಸರಿ, ಮಾರೋದಿಲ್ಲ. ಸುಮ್ನೆ ಕೊಟ್ಬಿಡ್ತೀನಿ."

"ಗಿಫ್ಟ್, ಸೇಮ್ ಥಿಂಗ್."

"ಹಬ್ಬಕ್ಕೆ ಕೈಗಡ ಕೊಡ್ತೀನಿ."

"ಲೋನ್ ಈಸ್ ಓಕೆ ಓನ್ಲಿ ಫಾರ್ ಸ್ಪೋರ್ಟ್. ಈಸ್ ಪೂಜಾ ಎ ಸ್ಪೋರ್ಟ್, ಅಪ್ಪಾ?"

ನಮ್ಮ ಸಂಘದ ಪೂಜೆಗಳಲ್ಲಿ ಪ್ರಸಾದದ ಸಾಲು ನುಗ್ಗುವುದನ್ನು ನೋಡಿದವನಾಗಿ ಹೌದೆಂದು ವಾದಿಸಬಹುದಿತ್ತು. ಆದರೆ ದೇಚಮ್ಮ ನನ್ನನ್ನು ನೋಡುತ್ತಿದ್ದಳು. "ಹಬ್ಬದ ಹೊತ್ತಿಗೆ ಅವ್ನ ಮನೇಲಿ ಕೋವಿ ಇರ್ಬೇಕು. ನಾನು ಮಾತು ಕೊಟ್ಟಿದೀನಿ" ಎಂದಳು. ಮಾತು ಕೊಡುವುದು ಅವಳು, ಡ್ರೈವ್ ಮಾಡುವುದು ನಾನು.

ಹಿಕ್ಸ್‌ವಿಲ್ ಹತ್ತಿರದ ಡೀಲರ್ ಒಬ್ಬ ಒಪ್ಪಿದ. ಖಾಲಿ ಕೋವಿ, ಬೀಗ ಹಾಕಿದ ಪೆಟ್ಟಿಗೆ, ಡಿಕ್ಕಿಯಲ್ಲಿ. ನ್ಯೂಯಾರ್ಕ್ ನಗರವನ್ನು ಎಲ್ಲೂ ನಿಲ್ಲದೆ ದಾಟಬೇಕೆಂದು ತಾರಾ ಹೇಳಿ ಕಳಿಸಿದ್ದಳು. ಆ ಮಗುವಿಗೆ ತನ್ನ ಅಪ್ಪನ ವಯಸ್ಸಿನ ಗಂಡಸರ ಮೂತ್ರಕೋಶದ ಕಾನೂನು ಗೊತ್ತಿಲ್ಲ. ನಗರದೊಳಗಿನ ಬೆಲ್ಟ್ ಪಾರ್ಕ್‌ವೇಯಲ್ಲಿ ಟ್ರಾಫಿಕ್ ನಿಂತೇಬಿಟ್ಟಿತು. ದೇಚಮ್ಮ ಫ್ಲಾಸ್ಕ್ ತೆರೆದು, "ಕಾಫಿ ಬೇಕಾ?" ಎಂದು ಕೇಳಿದಳು. ನಾನು ಫ್ಲಾಸ್ಕಿನಿಂದ ಮುಖ ತಿರುಗಿಸಿ ತೊಡೆಗಳನ್ನು ಬಿಗಿಹಿಡಿದೆ.

ಅಂಗಡಿಯಲ್ಲಿ ಡೀಲರ್ ಕೋವಿಯನ್ನು ದೀಪದಡಿ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ. ಅವನ ಮುಖ ಬದಲಾಯಿತು. ಸೀರಿಯಲ್ ನಂಬರ್ ಎಲ್ಲಿ ಎಂದು ಕೇಳಿದ. ಅದಿರಬೇಕಾದ ಜಾಗದಲ್ಲಿ ವರ್ಷವರ್ಷದ ಗಂಧ ಕುಂಕುಮಗಳು ಎಣ್ಣೆಯಲ್ಲಿ ಕಲೆತು ಗಾರೆಯಂತೆ ಗಟ್ಟಿಯಾಗಿದ್ದವು. ನಂಬರ್ ಅಳಿಸಿದ ಕೋವಿ ಇಟ್ಟುಕೊಂಡವರನ್ನು ಈ ದೇಶ ಏನು ಮಾಡುತ್ತದೆ ಎಂದು ಅವನು ಬಹಳ ಸಾವಧಾನವಾಗಿ ವಿವರಿಸಿದ. ಆಮೇಲೆ ಒಂದು ಹಳೆಯ ಟೂತ್‌ಬ್ರಷ್ ಕೊಟ್ಟ.

"ನೀನೇ ಅಲ್ವಾ ಇಲ್ಲಿ ಮೆತ್ತಿದ್ದು?" ಎಂದು ದೇಚಮ್ಮನನ್ನು ಕೇಳಿದೆ, ಉಜ್ಜುತ್ತಾ.

"ನಾನು ಹೂವಿಡೋಳು. ಗಂಧ ಹಚ್ಚೋದು ಯಾವತ್ತೂ ನೀವೇ."

ಸುಳ್ಳು. ಅವಳ ಬೆರಳು, ಅದರ ಉಂಗುರ, ಕಿಟಕಿಯ ಬಿಸಿಲು ಎಲ್ಲ ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಉಜ್ಜಿ ಉಜ್ಜಿ ನಂಬರ್ ಹೊರಬಂತು. ಕೊಳ್ಳಲು ಬಂದಿದ್ದ ಬೋಪಣ್ಣನ ಪೊಲೀಸ್ ಹಿನ್ನೆಲೆ ಪರೀಕ್ಷೆಯ ಫಲಿತಾಂಶ ಮಾತ್ರ ಹೊರಬರಲಿಲ್ಲ. ಕಂಪ್ಯೂಟರು "ಡಿಲೇಡ್" ಎಂದಿತು. ಅವನದೇ ಹೆಸರಿನವರು ಎಷ್ಟು ಜನರಿದ್ದಾರೋ. ಉತ್ತರ ಬರುವವರೆಗೆ ಕೋವಿ ಅಂಗಡಿಯಲ್ಲೇ ಇರಬೇಕು.

ಹಬ್ಬದ ಬೆಳಗ್ಗೆಯೂ ಉತ್ತರ ಬರಲಿಲ್ಲ. ಬೋಪಣ್ಣ ಫೋನಿನಲ್ಲಿ, "ಬಂದೋರಿಗೆ ಏನ್ ತೋರಿಸ್ಲಿ ಭಾವ, ಸ್ಕ್ರೂಡ್ರೈವರಾ?" ಎಂದ. ದನಿ ಒಡೆದಿತ್ತು. ದೇಚಮ್ಮ ಫೋನ್ ಕಿತ್ತುಕೊಂಡು, "ಕೋವಿ ಮನೆಗೆ ಬರದಿದ್ರೆ ನಾವೇ ಕೋವಿ ಹತ್ರ ಹೋಗೋಣ" ಎಂದಳು.

ಹೀಗೆ ರೇಷ್ಮೆ ಸೀರೆ, ಕೊಡಗಿನ ಗಂಡಸರ ಕಪ್ಪು ಕುಪ್ಯಚೇಲೆಗಳ ಮೆರವಣಿಗೆಯೊಂದು ಬಂದೂಕಿನ ಅಂಗಡಿಯನ್ನು ಹೊಕ್ಕಿತು. ಡೀಲರ್‌ಗಾಗಿ ಅಕ್ಕಿತರಿಯ ಉಂಡೆ ಕಡಂಬುಟ್ಟೂ ಬಂದಿತ್ತು. ಮದ್ದುಗುಂಡುಗಳಿರುವಲ್ಲಿ ದೀಪ ಹಚ್ಚುವಂತಿಲ್ಲ ಎಂದ. ಬ್ಯಾಟರಿ ದೀಪ ಇಟ್ಟೆವು. ಡೀಲರ್ ಕೋವಿಯನ್ನು ಕೌಂಟರಿನ ಮೇಲಿಟ್ಟು, ಅದರ ಮೇಲಿನ ಕೈ ತೆಗೆಯದೆ ನಿಂತ. ಬೋಪಣ್ಣ ಕೈಮುಗಿದ, ಕಣ್ಣು ಒದ್ದೆಯಾಗಿತ್ತು. ದೇಚಮ್ಮ ಹೂವಿಟ್ಟಳು. ಕಪಾಟಿನ ಆಸೆಗೆ ಇಷ್ಟೆಲ್ಲ ಪಡಿಪಾಟಲು ಎಂದು ಒಳಗೇ ಸಿಡುಕುತ್ತಾ ನಾನೂ ತಲೆಬಾಗಿದೆ.

ತಲೆಯೆತ್ತಿದಾಗ ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಗಂಧದ ಬಟ್ಟಲು ಯಾವಾಗ ನನ್ನ ಕೈಗೆ ಬಂತೋ ತಿಳಿಯದು. ನನ್ನ ಉಂಗುರದ ಬೆರಳು ನೇರವಾಗಿ ಹೋಗಿ ಸೀರಿಯಲ್ ನಂಬರಿನ ಮೇಲೆ ಒಂದು ದಪ್ಪ ಬೊಟ್ಟು ಇಟ್ಟಿತ್ತು.

ದೇಚಮ್ಮ ನನ್ನ ಉಂಗುರದತ್ತ ನೋಡಿ ಹುಬ್ಬೇರಿಸಿದಳು. ಡೀಲರ್ ಬಾಯಲ್ಲಿ ಕಡಂಬುಟ್ಟಿತ್ತು. ಅವನು ಡ್ರಾಯರಿನಿಂದ ಟೂತ್‌ಬ್ರಷ್ ತೆಗೆದು ನನ್ನ ಮುಂದಿಟ್ಟ.