ಗುಲಾಬಿ ಗುಂಪು ಬಿಟ್ಟು ಕೆಟ್ಟೆ

ಇಡೀ ಕಳಕ್ಕೂಟಂ ಟೆಕ್ ಪಾರ್ಕಿನಲ್ಲಿ ಯಾವ ಜಾಲತಾಣದಲ್ಲೂ ಖಾತೆಯಿಲ್ಲದ ಏಕೈಕ ತರುಣ ನಾನೆಂದು ನನಗೆ ಬಹಳ ಹೆಮ್ಮೆಯಿತ್ತು. ಊಟದ ಬಿಡುವಿನಲ್ಲಿ ಸಹೋದ್ಯೋಗಿಗಳಿಗೆ ಈ ಕುರಿತು ಉಪನ್ಯಾಸವನ್ನೂ ಕೊಡುತ್ತಿದ್ದೆ. ಒಬ್ಬರೂ ಫೋನಿನಿಂದ ತಲೆ ಎತ್ತುತ್ತಿರಲಿಲ್ಲ! ಕಾಸರಗೋಡಿನ ನಮ್ಮ ಕುಟುಂಬದ ವಾಟ್ಸಪ್ ಗುಂಪಿನಿಂದಲೂ ಹೊರಬಿದ್ದಿದ್ದೆ. ದಿನಾ ಬೆಳಿಗ್ಗೆ ಅಮ್ಮ ಅಲ್ಲಿ ಹಾಕುತ್ತಿದ್ದ ಗುಲಾಬಿ ಹೂವಿನ ಶುಭೋದಯ ನೋಡಿ ನೋಡಿ ಸಾಕಾಗಿತ್ತು.

ಆಮೇಲೆ ಅಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಕೊಚ್ಚಿಗೆ ಕರೆದೊಯ್ದು ಕಲೂರಿನ ಒಂದು ಆಸ್ಪತ್ರೆಗೆ ಸೇರಿಸಿದೆ. ಅವಳಿಗೆ "ಸಣ್ಣ ಆಪರೇಷನ್" ಎಂದಿದ್ದೆ. ಗುಲ್ಲಾಗುವುದು ಬೇಡವೆಂದು ಊರಿನವರಿಗೆ ಅದನ್ನೂ ಹೇಳಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ನರ್ಸ್ ಬಂದು, ಬಿ ನೆಗೆಟಿವ್ ರಕ್ತಕ್ಕೆ ದಾನಿಗಳನ್ನು ನೀವೇ ತರಬೇಕು, ಸಂಜೆಯೊಳಗೆ ಸಿಗದಿದ್ದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ ಎಂದಳು. ಮುಂದಕ್ಕೆ ಹಾಕುವಷ್ಟು ಸಮಯ ಅಮ್ಮನ ಬಳಿ ಇಲ್ಲವೆಂದು ಡಾಕ್ಟರು ಆಗಲೇ ನನಗೆ ಹೇಳಿದ್ದರು. ನನ್ನ ರಕ್ತ ಅವಳಿಗೆ ಹೊಂದುವುದಿಲ್ಲ. ಸಂಬಂಧಿಕರೆಲ್ಲ ಇರುವುದು ನಾನು ಬಿಟ್ಟುಬಂದ ಗುಂಪಿನಲ್ಲಿ!

ಅಮ್ಮ ಮಲಗಿದ್ದಳು. ಅವಳ ಫೋನನ್ನೇ ಎತ್ತಿಕೊಂಡು ಕಚೇರಿಯ ಪತ್ರದ ಗಾಂಭೀರ್ಯದಲ್ಲಿ ಬರೆದೆ: "ಮಾನ್ಯರೇ, ನನ್ನ ತಾಯಿಯವರ ಸ್ಥಿತಿ ಗಂಭೀರವಾಗಿದ್ದು, ಬಿ ನೆಗೆಟಿವ್ ರಕ್ತದ ತುರ್ತು ಅಗತ್ಯವಿರುತ್ತದೆ. ದಯವಿಟ್ಟು ಸ್ಪಂದಿಸಿ."

ಹೆಸರಿಲ್ಲ, ಆಸ್ಪತ್ರೆಯಿಲ್ಲ. ನಂಬರು ಅಮ್ಮನದು!

ಗುಂಪಿನ ಅಡ್ಮಿನ್ ಅಮ್ಮನ ಅಣ್ಣ, ವಕೀಲ ಮಾವ. ಕ್ಷಣದಲ್ಲಿ ಅವರ ಧ್ವನಿಸಂದೇಶ ಬಂತು: "ಎಲ್ಲರೂ ಗಮನಿಸಿ. ನಮ್ಮ ಅಮ್ಮ ತೀರಿಹೋಗಿ ಎಷ್ಟೋ ಕಾಲ ಆಯ್ತು. ತಂಗಿಯ ಫೋನು ಕಳ್ಳರ ಕೈಯಲ್ಲುಂಟು. ಯಾರೂ ದುಡ್ಡು ಕೊಡಬೇಡಿ, ರಕ್ತವೂ ಕೊಡಬೇಡಿ!"

ಮರುಕ್ಷಣ ಅಮ್ಮನನ್ನೇ ಗುಂಪಿನಿಂದ ತೆಗೆದುಹಾಕಿದರು. ನನ್ನ ಫೋನಿನಿಂದ ಕರೆ ಮಾಡುವಷ್ಟರಲ್ಲಿ ಮಾವ ಕೋರ್ಟಿನೊಳಗೆ, ಫೋನು ಸ್ವಿಚ್ ಆಫ್. ಗತಿಯಿಲ್ಲದೆ ಜಾಲತಾಣವೊಂದರಲ್ಲಿ ಹೊಸ ಖಾತೆ ತೆರೆದು ಮೊರೆಯಿಟ್ಟೆ. ಅಲ್ಲಿ ನನಗೆ ಒಬ್ಬ ಸ್ನೇಹಿತನೂ ಇಲ್ಲ. ಒಂದು ಲೈಕ್ ಬಂತು. ಅದನ್ನು ಒತ್ತಿದವನು ನಾನೇ!

"ಚೇಟ್ಟಾ, ಬ್ಲಡ್ ಕಿಟ್ಟಿಯೋ?" ರಕ್ತ ಸಿಕ್ಕಿತಾ ಎಂದು ನರ್ಸ್ ಮತ್ತೆ ಕೇಳಿದಳು. ಅಮ್ಮನಿಗೆ ಎಚ್ಚರವಾಯಿತು.

"ಎಂತ ಮಗಾ, ನನ್ನ ಫೋನಿನಲ್ಲಿ ನಿನಗೆಂತ ಕೆಲಸ?"

ಕಸಿದುಕೊಂಡು ಓದಿದಳು. ಅವಳಿಂದ ಮುಚ್ಚಿಟ್ಟದ್ದನ್ನು ಅವಳ ಫೋನಿನಲ್ಲೇ ಬರೆದಿಟ್ಟಿದ್ದೆ. ನನಗೆ ಅಳು ತಡೆಯಲಾಗಲಿಲ್ಲ.

"ಅಳ್ಬೇಡ. ನೀನು ರಜೆ ಹಾಕಿ ಪಕ್ಕದಲ್ಲಿ ಕೂತಾಗ್ಲೇ ನನಗೆ ಗೊತ್ತಾಗಿದೆ. ಆದ್ರೆ ಆಸ್ಪತ್ರೆ ಹೆಸರು ಹಾಕದೆ ರಕ್ತ ಕೇಳುದಾ? ಕೊಡುವವ ಎಲ್ಲಿಗೆ ಬರುದು ಮಾರಾಯ?"

ಅವಳಿಗೆ ಭಜನೆಯ ವಾಟ್ಸಪ್ ಗುಂಪೊಂದು ಬೇರೆ ಇತ್ತು. ಆಸ್ಪತ್ರೆ, ವಾರ್ಡು, ನನ್ನ ನಂಬರು ಎಲ್ಲ ಹೇಳಿ, ಏದುಸಿರಿನಲ್ಲೇ ಧ್ವನಿ ಕಳಿಸಿದಳು: "ನಾನೇ ಮಾತಾಡುದು. ಇವತ್ತೇ ಬೇಕು."

ಅದು ಯಾರಿಂದ ಯಾರಿಗೆ ಹೋಯಿತೋ, ಕೊಚ್ಚಿ ಬಳಿಯ ಅಂಬಲಮುಗಳ್ ರಿಫೈನರಿಯಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು ಸಂಜೆಯೊಳಗೆ ಬೈಕಿನಲ್ಲಿ ಬಂದು ರಕ್ತ ಕೊಟ್ಟರು. "ರಕ್ತ ಸಿಕ್ಕಿತು ಅಂತ ಹಾಕಬೇಕು, ಇಲ್ಲವಾದರೆ ಜನ ಬರುತ್ತಲೇ ಇರುತ್ತಾರೆ. ನಿಮ್ಮ ಐಡಿ ಕೊಡಿ" ಎಂದು ಒಬ್ಬ ಮಲಯಾಳದಲ್ಲಿ ಕೇಳಿದ. ಅವನಿದ್ದ ಜಾಲತಾಣವೇ ಬೇರೆ; ಅಲ್ಲಿ ನನಗೆ ಖಾತೆಯಿಲ್ಲ ಎಂದಷ್ಟೇ ಹೇಳಿದೆ. ಈ ಸಲ ಉಪನ್ಯಾಸ ಕೊಡಲಿಲ್ಲ.

ಆಪರೇಷನ್ ಆಯಿತು. ಓಣಂವರೆಗೆ ಅಮ್ಮ ನನ್ನ ಜೊತೆ ಇದ್ದಳು. ಆಮೇಲೆ ಇಲ್ಲ.

ಮಾವ ನನ್ನನ್ನು ಗುಂಪಿಗೆ ಸೇರಿಸಿಕೊಂಡರು. ಉತ್ತರಕ್ರಿಯೆ ಮುಗಿದ ಮರುದಿನ ಬೆಳಿಗ್ಗೆ, ಅಮ್ಮನ ಫೋನಿನಿಂದ ಒಂದು ಗುಲಾಬಿ ಹುಡುಕಿ ತೆಗೆದು, ನನ್ನ ಹೆಸರಿನಲ್ಲಿ ಗುಂಪಿಗೆ ಹಾಕಿದೆ.

ಮಾವನ ಧ್ವನಿ ಬಂತು: "ಎಲ್ಲರೂ ಗಮನಿಸಿ. ನಮ್ಮ ಹುಡುಗ ಗುಲಾಬಿ ಹಾಕುವ ಜನ ಅಲ್ಲ. ಇವನ ಫೋನೂ ಕಳ್ಳರ ಕೈಗೆ ಹೋಯ್ತು!"

ನನ್ನನ್ನು ತೆಗೆದುಹಾಕಿದರು.