ಮಧುಗಿರಿಯಿಂದ ಶಿರಾಕ್ಕೆ ಯುದ್ಧವಿಮಾನ

ನಾನು ಕಣ್ಮುಚ್ಕೊಂಡು ಕೂತ್ರೂ ನಮ್ ಬೀದೀಲಿ ಏನಾದ್ರೂ ಒಂದು ನಡೀತಾನೇ ಇರುತ್ತೆ. ಅದ್ಕೇ ನಾನು ಕಣ್ಣೇ ಮುಚ್ಚಲ್ಲ. ಈ ಸಲ ಪಕ್ಕದ್ಮನೇದು. ಆ ಮನೆ ಯಜಮಾನ್ರು ಮೂವತ್ತು ವರ್ಷ ಬಸ್ ಓಡ್ಸಿ ರಿಟೈರ್ಡ್ ಆದೋರು, ಬೀದಿಗೆಲ್ಲ ಡ್ರೈವರಣ್ಣ. ಒಬ್ಳೇ ಮಗಳು, ಪಾವಗಡದ ಕಡೆ ವಳ್ಳೂರು ಸೋಲಾರ್ ಪಾರ್ಕಲ್ಲಿ ಕೆಲ್ಸ. ಅಲ್ಲೇ ಕೆಲ್ಸ ಮಾಡೋ ಶಿರಾದ ಹುಡುಗನ್ನ ಒಪ್ಕೊಂಡಿದ್ಲು, ಎರಡೂ ಮನೇಲಿ ಮಾತುಕತೆ ನಡೀತಿತ್ತು. "ಇದೊಂದು ಗಟ್ಟಿಯಾಗ್ಬುಟ್ರೆ ಸಾಕು ಕಣಮ್ಮ" ಅಂತ ಅವ್ರ ಹೆಂಡ್ತಿ ದಿನಾ ಕಾಂಪೌಂಡ್ ಮೇಲೆ ಕೈಯಿಟ್ಕೊಂಡು ಹೇಳೋರು.

ಮ್ಯಾಪು

ಒಂದಿನ ನಾನು ಬಟ್ಟೆ ಒಣಗಾಕ್ತಿದ್ದೆ. ಅವ್ರ ಮನೆ ತಾರಸಿ ಮೇಲೆ ಡ್ರೈವರಣ್ಣ ಇಷ್ಟಗಲ ಮ್ಯಾಪ್ ಹಾಸ್ಕೊಂಡು, ಮಧುಗಿರಿ ಬೆಟ್ಟದಿಂದ ನಿಡುಗಲ್ ಬೆಟ್ಟಕ್ಕೆ ಸ್ಕೇಲ್ ಇಟ್ಟು ಗೀಟು ಎಳೀತಾವ್ರೆ. ಕೈಯಾಗೊಂದು ಗಡಿಯಾರ. "ಏಳು ನಿಮಿಷ... ಅಲ್ಲಿಂದ ಬಲಕ್ಕೆ" ಅಂತ ಗೊಣಗಾಟ ಬೇರೆ. ಆ ಕಡೆ ಒಂದು ಕೋಟೆ, ಈ ಕಡೆ ಒಂದು ಕೋಟೆ, ಮಧ್ಯೆ ಗೀಟು. ನಿಧಿ ಅಗೆಯೋ ಕೆಲ್ಸ ಅಲ್ದೆ ಇನ್ನೇನು?

ಅವ್ರ ಹೆಂಡ್ತೀನ ಕೇಳೇಬುಟ್ಟೆ. "ಅಕ್ಕ, ಅಣ್ಣ ಬೆಟ್ಟ ಅಳೀತಾವ್ರಲ್ಲ, ಏನ್ ಸಮಾಚಾರ?"

"ವಿಮಾನ ಓಡ್ಸೋದು ಕಲೀತಾವ್ರೆ ಕಣಮ್ಮ. ಹಳೇ ಕಾಲದ ಯುದ್ಧವಿಮಾನ."

"ಎಲ್ಲಿ?"

"ಮೇಲ್ಗಡೆ ರೂಮಲ್ಲಿ."

ನಿಧಿ ಅಂತ ಒಪ್ಕೊಂಡಿದ್ರೆ ನಂಬ್ತಿದ್ದೆ.

ಸ್ಟಾಪು

ಮೊಸರಿಗೆ ಹೆಪ್ಪು ಬೇಕು ಅಂತ ನೆಪ ಮಾಡ್ಕೊಂಡು ಮೇಲಕ್ಕೇ ಹೋದೆ. ನಿಜ್ವಾಗ್ಲೂ ವಿಮಾನವೇ. ಸುಮ್ನೆ ಕೂತ್ರೆ ಬಿಪಿ ಏರುತ್ತೆ ಅಂತ ಮಗಳು ಕಂಪ್ಯೂಟರ್‌ಗೆ ಹಾಕ್ಕೊಟ್ಟಿರೋ ಆಟ. ಕೈಗೊಂದು ಕೋಲು, ಕಾಲಿಗೆ ಪೆಡಲ್ಲು. ಈಗಿನ ಫೋನಿನಂಗೆ ಎಡಕ್ಕೆ ಬಲಕ್ಕೆ ಅಂತ ಇದು ದಾರಿ ಹೇಳಲ್ವಂತೆ. ದಿಕ್ಕಿನ ಮುಳ್ಳು ನೋಡ್ಬೇಕು, ಗಡಿಯಾರ ಒತ್ಬೇಕು, ಇಷ್ಟು ನಿಮಿಷಕ್ಕೆ ಇಂಥ ಊರು ಅಂತ ತಿಳ್ಕೋಬೇಕು.

ಡ್ರೈವರಣ್ಣ ಮುಳ್ಳು ಎಲ್ಲಿ ನೋಡ್ತಾರೆ? ರೋಡ್ ನೋಡ್ತಾರೆ. ರೋಡ್ ತಿರುಗಿದ ಕಡೆಗೆಲ್ಲ ಆ ವಿಮಾನಾನೂ ತಿರುಗ್ಸಿ ತಿರುಗ್ಸಿ, ನೋಡ್ತಿದ್ದ ನಂಗೇ ವಾಂತಿ ಬಂದಂಗಾಯ್ತು. ಆಮೇಲೆ ನೆಟ್ಟಗೆ ಹೋಗ್ತಿದ್ದಿದ್ದು ಮೆತ್ತಗಾಯ್ತು, ಮೂಗು ಕೆಳಗಾಯ್ತು, ದಡ್ ಅಂತ ಬಿತ್ತು.

"ಯಾಕಣ್ಣ, ಏನಾಯ್ತು?"

"ಕೊರಟಗೆರೆ ಬಸ್‌ಸ್ಟ್ಯಾಂಡ್ ಬಂತು ಕಣಮ್ಮ" ಅಂದ್ರು, "ಸ್ಲೋ ಮಾಡ್ದೆ."

ಇಲ್ಲದ ಆಫೀಸು

ಇನ್ನೊಂದಿನ ಮಗಳ ಕೆಲ್ಸದ ಜಾಗ ನೋಡ್ತೀನಿ ಅಂತ ಅದೇ ವಿಮಾನದಲ್ಲಿ ಪಾವಗಡದ ಕಡೆ ಹೊರಟ್ರು. ನಾನೂ ಪಕ್ಕದಲ್ಲಿದ್ದೆ, ಹೆಪ್ಪಿನ ಬಟ್ಟಲು ವಾಪಸ್ ಕೊಡೋಕೆ ಅಂತ. ವಳ್ಳೂರಿನ ಮೇಲೆ ಮೂರು ಸುತ್ತು ಸುತ್ತಿದ್ರು. ಬರೀ ಬೀಳು ನೆಲ. ಒಂದು ಸೋಲಾರ್ ಹಲಗೇನೂ ಇಲ್ಲ.

ಇಬ್ರೂ ಮುಖ ಮುಖ ನೋಡ್ಕೊಂಡ್ವಿ. "ಅಣ್ಣ, ನಾನು ಏನೂ ಹೇಳಲ್ಲಪ್ಪ" ಅಂದೆ. "ಆದ್ರೆ ದಿನಾ ಟಿಫಿನ್ ಬಾಕ್ಸ್ ತಗೊಂಡು ಎಲ್ಲಿಗೆ ಹೋಗ್ತಾಳೆ?"

ಫೋನ್ ಮಾಡಿದ್ರು. "ಲೇ, ಎಲ್ಲಿದ್ದೀಯ?"

"ಆಫೀಸಲ್ಲಿ."

"ನಿಮ್ಮಾಫೀಸ್ ಮೇಲೇ ಇದ್ದೀನಿ ಕಣ್ಲೇ, ಇಲ್ಲೇನೂ ಇಲ್ಲ!"

"ಅಪ್ಪ, ಆ ಆಟದಲ್ಲಿರೋದು ಪಾರ್ಕ್ ಕಟ್ಟೋಕೆ ಮುಂಚೆ ಮೇಲಿಂದ ತೆಗ್ದಿರೋ ಫೋಟೋ!"

ಅಷ್ಟು ಹೇಳಿದ್ರೂ ಮಾರನೇ ದಿನ ಡ್ರೈವರಣ್ಣ ಬಸ್ ಹತ್ತಿ ವಳ್ಳೂರಿಗೆ ಹೋಗಿ ಕಣ್ಣಾರೆ ನೋಡ್ಕೊಂಡು ಬಂದ್ರು. ಕಳ್ಸಿದ್ದು ನಾನಲ್ಲ. ಬಸ್ಸಿನ ಟೈಮ್ ಹೇಳ್ದೆ, ಅಷ್ಟೇ.

ವಿಚಾರಣೆ

ಹೆಣ್ಣಿನ ಮನೆ ವಿಚಾರ್ಸೋರು ಹೆಣ್ಣಿನ ಮನೆಗೆ ಹೋಗಲ್ಲ, ಪಕ್ಕದ್ಮನೆಗೆ ಬತ್ತಾರೆ. ಶಿರಾದಿಂದ ಹುಡುಗನ ಸೋದರತ್ತೆ ನಮ್ಮನೆಗೇ ಬಂದ್ರು. ಕಾಫಿ ಕೊಟ್ಟೆ.

"ಹುಡುಗಿ ಹೆಂಗೆ?"

"ಚಿನ್ನ."

"ತಾಯಿ?"

"ದೇವ್ರಂಥೋರು."

"ಅಪ್ಪ?"

ಸುಳ್ಳು ಹೇಳೋ ಅಭ್ಯಾಸ ನಂಗಿಲ್ಲ. "ಕೋಟೆ ಬೆಟ್ಟದ ಮ್ಯಾಪ್ ಇಟ್ಕೊಂಡವ್ರೆ. ದಿನಾ ಸಾಯಂಕಾಲ ಒಂದು ಯುದ್ಧವಿಮಾನ ಬೀಳುಸ್ತಾರೆ. ಅಷ್ಟು ಬುಟ್ರೆ ಬೋ ಒಳ್ಳೇ ಮನುಷ್ಯ" ಅಂದೆ.

ಆಯಮ್ಮ ಅರ್ಧ ಕಾಫಿ ಅಲ್ಲೇ ಬುಟ್ಟು ಎದ್ಲು. ಮಾರನೇ ದಿನ ಶಿರಾದಿಂದ ಫೋನು, "ಸ್ವಲ್ಪ ತಡೀರಿ" ಅಂತ. ಪಕ್ಕದ್ಮನೇಲಿ ಒಲೆ ಹತ್ತಲಿಲ್ಲ. ಹುಡುಗಿ ಕಣ್ಣು ಕೆಂಪಗೆ ಮಾಡ್ಕೊಂಡು ನಮ್ಮ ಬಾಗಿಲಿಗೆ ಬಂದ್ಲು.

"ಚಿಕ್ಕಮ್ಮ, ನೀವೇನಂದ್ರಿ?"

"ನಿನ್ನ ಚಿನ್ನ ಅಂದೆ ಕಣವ್ವ. ನಿಮ್ಮಪ್ಪನ್ನ ಒಳ್ಳೇ ಮನುಷ್ಯ ಅಂದೆ."

"ಮಧ್ಯೆ ಏನಂದ್ರಿ?"

ಈ ಕಾಲದ ಹೆಣ್ಮಕ್ಳು ಮಧ್ಯದ್ದನ್ನೇ ಕೇಳ್ತಾವೆ.

ಬೀಗರ ಪ್ರಯಾಣ

ವಾರ ಕಳೀತು. ಹುಡುಗನ ಅಪ್ಪ ತಾನೇ ಬಂದ್ರು. ರಿಟೈರ್ಡ್ ಕಂಡಕ್ಟರ್ರು, ದಪ್ಪ ಮೀಸೆ, ನಗೋದೇ ಗೊತ್ತಿಲ್ದಂಥ ಮುಖ. "ಅದೇನೋ ವಿಮಾನ ಅಂದ್ರಂತಲ್ಲ, ಎಲ್ಲಿ ತೋರ್ಸಿ" ಅಂದ್ರು. ತಲೆ ನೆಟ್ಟಗಿರೋ ಮನುಷ್ಯನೋ ಅಲ್ವೋ ಅಂತ ಪರೀಕ್ಷೆ ಮಾಡೋಕೇ ಬಂದಿರೋದು ಅಂತ ನಂಗೆ ಗೊತ್ತಾಗೋಯ್ತು. ಇರ್ಲಿ, ಒಬ್ರು ಸಾಕ್ಷಿ ಬೇಕಲ್ಲ ಅಂತ ನಾನೂ ಮೇಲೆ ಹತ್ತಿದೆ.

"ನಿಮ್ಮೂರ್ಗೇ ಕರ್ಕೊಂಡೋಗ್ತೀನಿ ಕೂತ್ಕಳಿ" ಅಂದ್ರು ಡ್ರೈವರಣ್ಣ. ಬೀಗರು ಕೂತ್ಕಳ್ಲಿಲ್ಲ, ಕುರ್ಚಿ ಹಿಂದೆ ಕಂಬಿ ಹಿಡ್ದಂಗೆ ಹಿಡ್ಕೊಂಡು ನಿಂತ್ರು. ಮಧುಗಿರಿ ಬೆಟ್ಟದ ನೆತ್ತಿ ಮೇಲೆ ಡ್ರೈವರಣ್ಣ ಗಡಿಯಾರ ಒತ್ತಿದ್ರು. ಆವತ್ತು ರೋಡ್ ಕಡೆ ನೋಡ್ಲೇ ಇಲ್ಲ. ಮುಳ್ಳು, ಗಡಿಯಾರ, ಮುಳ್ಳು, ಗಡಿಯಾರ. ಐದು ನಿಮಿಷಕ್ಕೆ ಸರಿಯಾಗಿ ಶಿರಾ ಕೆರೆ ಕಾಣ್ತು.

"ಅರೇ! ನಮ್ ಕೆರೆ!" ಅಂದ್ರು ಆ ಮೀಸೆಯೋರು. "ಅಗೋ ನಮ್ ಬೀದಿ! ಅಗೋ, ಅದೇ ನಮ್ಮನೆ!" ಖುಷಿಗೆ ಏನ್ ಮಾಡ್ತಾವ್ರೆ ಅಂತ ಅವ್ರಿಗೇ ಗೊತ್ತಾಗ್ಲಿಲ್ಲ. ಬಾಯಿಗೆ ಎರಡು ಬೆರಳು ಇಟ್ಟು ಪೀಂ ಅಂತ ವಿಜಿಲ್ ಹೊಡುದ್ರು.

ಮೂವತ್ತು ವರ್ಷ ವಿಜಿಲ್ ಕೇಳಿ ಬ್ರೇಕ್ ತುಳ್ದಿರೋ ಕಾಲು ಸುಮ್ನಿರುತ್ತಾ? ಡ್ರೈವರಣ್ಣ ಎರಡೂ ಪೆಡಲ್ ತುಳ್ದು, ವೇಗ ಪೂರ್ತಿ ಕಮ್ಮಿ ಮಾಡ್ಬುಟ್ರು. ವಿಮಾನ ಕಲ್ಲು ಬಿದ್ದಂಗೆ ಬಿತ್ತು.

"ನಮ್ಮನೆ ಮೇಲೇ ಬಿತ್ತಲ್ರೀ!"

ಡ್ರೈವರಣ್ಣ ತಲೆ ಎತ್ಲಿಲ್ಲ. ಈ ಸಂಬಂಧ ಮುರೀತು ಅಂತ ನಾನು ಕೆಳಗಿಳಿಯೋಕೆ ಚಪ್ಪಲಿ ಹುಡುಕ್ತಿದ್ದೆ. ಬಾಗ್ಲಲ್ಲಿದ್ದ ಹುಡುಗಿ ಸೊಂಟಕ್ಕೆ ಕೈಯಿಟ್ಕೊಂಡು ಬಂದ್ಲು.

"ಏನಪ್ಪ ನೀನು? ನಾನು ಕಾಲಿಡೋಕೆ ಮುಂಚೇನೇ ಆ ಮನೆ ಕೆಡವ್ಬುಟ್ಯಲ್ಲ!"

ಬೀಗರು ತಿರುಗಿ ಅವಳ್ನ ನೋಡಿದ್ರು. ಮೀಸೆ ಅಲ್ಲಾಡ್ತು.

"ಕೆಡವಿದ್ದು ನಿಮ್ಮಪ್ಪ ಕಣವ್ವ, ಕಟ್ಟೋಳು ನೀನು" ಅಂದ್ರು. "ಯಾವಾಗ ಬತ್ತೀಯ?"