ವ್ಯಾನಿಗೆ ಒಳಂಗಿ ತೊಡಿಸಿದ ಕಥೆ

ಹಳೆಯ ವ್ಯಾನೊಂದನ್ನು ಒಳಗಿನಿಂದ ಬೆಚ್ಚಗೆ ಮಾಡುವುದು ಯಾವ ಮಹಾ ವಿದ್ಯೆ? ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಹೇಳಿ, ಕೋಲಿನ ತುದಿಯಲ್ಲೇ ಮಕ್ಕಳನ್ನು ಧ್ರುವಪ್ರದೇಶ ದಾಟಿಸಿದ ನನಗೆ ಹತ್ತಡಿಯ ತಗಡಿನ ಡಬ್ಬ ಒಂದು ಲೆಕ್ಕವೇ! ಹೀಗೆಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ.

ನನ್ನ ಹೆಂಡತಿ ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಊರಿನವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಮನೆಗೆ ಬಂದಮೇಲೆ ನನ್ನ ಪ್ರಶ್ನೆಗಳಿಗೆ ಕೌಂಟರ್ ಮುಚ್ಚಿಬಿಡುತ್ತಾಳೆ.

"ಹೋದ ಸಲ ಇದರಲ್ಲಿ ಮಲಗಿದಾಗ ಮೇಲಿಂದ ಹಣೆ ಮೇಲೆ ನೀರು ತೊಟ್ಟಿಕ್ತಿತ್ತು, ನೆನಪಿದೆಯಾ?" ಎಂದಳು.

"ಅದು ನಮ್ಮ ಉಸಿರೇ ಕಣೇ! ತಣ್ಣನೆ ತಗಡಿಗೆ ತಾಗಿ ನೀರಾಗಿತ್ತು."

"ಉಸಿರು ಯಾರದ್ದಾದ್ರೇನು, ಮೂಗು ಕಟ್ಟಿದ್ದು ನನ್ನದು. ಭಾನುವಾರ ಸಂಜೆ ಬಂದು ನೋಡ್ತೀನಿ. ಬೆಚ್ಚಗಿದ್ರೆ ಹೊರಡೋಣ. ಇಲ್ಲಾಂದ್ರೆ ರಜಾ ವಾಪಸ್!"

ಹತ್ತು ದಿನದ ರಜೆ! ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು. ನನಗಿದ್ದದ್ದು ಒಂದೇ ಆಸೆ. ನಕ್ಷೆಯಲ್ಲಿ ನೂರಾರು ಸಲ ತೋರಿಸಿ, ಕಣ್ಣಾರೆ ಒಮ್ಮೆಯೂ ಕಾಣದ ಆ ಬೆಟ್ಟದ ಸರೋವರದ ದಡದಲ್ಲಿ, ಬೆಳಗಿನ ಮಂಜು ನೀರಿನಿಂದ ಏಳುವ ಹೊತ್ತಿಗೆ, ಅವಳ ಪಕ್ಕದಲ್ಲಿ ಸುಮ್ಮನೆ ಕೂರಬೇಕು.

ಕೆಲಸ ಶುರುವಾಯಿತು. ಹಳೆಯ ರೆಕ್ಸಿನ್ ಕಿತ್ತೆ, ತುಕ್ಕು ಉಜ್ಜಿದೆ, ತಗಡಿನ ಪಕ್ಕೆಲುಬುಗಳ ನಡುವೆ ಫೋಮ್ ತುಂಬಿದೆ. ಅದರ ಮೇಲೆ ಬೆಳ್ಳಿಬಣ್ಣದ ಹಾಳೆ, ಹಾಳೆಯ ಮೇಲೆ ತೆಳು ಹಲಗೆ. ಡ್ರೈವರ್ ಸೀಟಿನ ಕಡೆಯಿಂದ ಚಳಿ ಬರಬಾರದೆಂದು ನಡುವೆ ಒಂದು ಗೋಡೆಯನ್ನೇ ಎಬ್ಬಿಸಿದೆ. ಪಕ್ಕದ ಮನೆಯ ಬಡಗಿ ಇಣುಕಿ ನೋಡಿದ.

"ಮೇಷ್ಟ್ರೇ, ಹಿಂಬಾಗಿಲಿನ ಕೆಲಸ ನಾನು ಅಂಗಡಿಯಿಂದ ಬಂದಮೇಲೆ ಮಾಡೋಣ."

"ಬೇಡಪ್ಪ! ಬಾಗಿಲು ಸಂದಿನ ಚಳಿಗೆ ನನ್ನ ಹತ್ರ ಉಪಾಯ ಇದೆ," ಎಂದೆ.

ಭಾನುವಾರ ಮಧ್ಯಾಹ್ನ ಒಳಗೆ ಸೇರಿ ಹಿಂದಿನ ಎರಡೂ ಬಾಗಿಲುಗಳನ್ನು ಎಳೆದುಕೊಂಡೆ. ಸಂದೇ ಉಳಿಯಬಾರದಲ್ಲ? ಈ ಬಾಗಿಲಿನಿಂದ ಆ ಬಾಗಿಲಿಗೆ ಒಂದೇ ಅಖಂಡ ಹಾಳೆ ಅಂಟಿಸಿದೆ. ಅದರ ಮೇಲೆ ಅಡ್ಡಡ್ಡಲಾಗಿ ಆರು ಹಲಗೆ, ಮೂವತ್ತಾರು ಸ್ಕ್ರೂ! ಕೊನೆಯ ಸ್ಕ್ರೂ ಬಿಗಿಯಾಗುತ್ತಿದ್ದಂತೆ ಬ್ಯಾಟರಿಯ ಡ್ರಿಲ್ಲು ಕುಂಯ್ ಎಂದು ಕಣ್ಣು ಮುಚ್ಚಿತು.

ಆಹಾ, ಎಂಥ ನಿಶ್ಶಬ್ದ! ಹಲಗೆ ಹೊಡೆಯದೆ ಉಳಿದಿದ್ದ ಚಾವಣಿಯ ಬೆಳ್ಳಿ ಹಾಳೆಯಲ್ಲಿ ಲಾಟೀನಿನ ಬೆಳಕು ನೀರಿನಂತೆ ಅಲುಗುತ್ತಿತ್ತು. ಮಂಚದ ಮೇಲೆ ಒರಗಿದೆ. ತಗಡು, ಅಂಟು, ಸ್ಕ್ರೂ ಎಲ್ಲ ಮರೆಯಾಗಿ ಸರೋವರ ಬಂತು. ಮಂಜು ಬಂತು, ಅವಳೂ ಬಂದಳು. ಅಲೆಗಳು ದಡಕ್ಕೆ ಮೆಲ್ಲಗೆ ತಪ್ ತಪ್ ಎಂದು ಬಡಿಯುತ್ತಿದ್ದವು. ದಡದಲ್ಲಿ ಎಲ್ಲೋ ಫೋನು ಹಾಡುತ್ತಿತ್ತು.

ಸರೋವರದಲ್ಲಿ ಫೋನೇ? ಎದ್ದು ಕೂತೆ. ಫೋನು ಹಾಡುತ್ತಿದ್ದದ್ದು ಗೋಡೆಯೊಳಗೆ! ಬೆಳಿಗ್ಗೆ ಕೊನೆಯ ಫೋಮ್ ತುಂಬುವಾಗ ಅಲ್ಲಿಟ್ಟು, ಮೇಲೆ ಹಲಗೆ ಹೊಡೆದಿದ್ದೆ. ಅಲೆಗಳೆಂದರೆ ಹೊರಗಿನಿಂದ ತಗಡು ಬಡಿಯುತ್ತಿದ್ದ ನನ್ನ ಹೆಂಡತಿಯ ಅಂಗೈಗಳು. ಬಾಗಿಲಿಗೆ ಧಾವಿಸಿದೆ. ಬಾಗಿಲು ಎಲ್ಲಿದೆ? ಚಿಲಕ ಎಲ್ಲಿದೆ? ಭೂಗೋಳದ ಮೇಷ್ಟ್ರು ತಾನೇ ಕಟ್ಟಿದ ಹತ್ತಡಿಯ ಭೂಖಂಡದಲ್ಲಿ ದಾರಿ ತಪ್ಪಿದ್ದ!

ಗಾಳಿಗೆಂದು ಚಾವಣಿಯಲ್ಲಿ ಬಿಟ್ಟಿದ್ದ ಲೋಟದಗಲದ ತೂತಿನಲ್ಲಿ ಒಂದು ಕಣ್ಣು ಕಾಣಿಸಿತು. ಅವಳು ಏಣಿ ಹತ್ತಿದ್ದಳು.

"ರೀ, ಒಳಗೆ ಹೇಗಿದೆ?"

"ತುಂಬಾ ಬೆಚ್ಚಗಿದೆ!"

"ಬಾಗಿಲು ತೆಗೀರಿ, ನೋಡ್ತೀನಿ."

"ಅದು... ಬಾಗಿಲು ಈಗ ಗೋಡೆಯಾಗಿದೆ ಕಣೇ."

ಕಣ್ಣು ಎರಡು ಸಲ ಮಿಟುಕಿತು. "ಬಿಚ್ಚಿಕೊಂಡು ಬನ್ನಿ ಮತ್ತೆ!"

"ಡ್ರಿಲ್ಲಿನ ಚಾರ್ಜು ಹೋಗಿದೆ. ಕೈ ಸ್ಕ್ರೂಡ್ರೈವರ್ ವ್ಯಾನಿನ ಮೇಲೇ ಮರೆತಿದ್ದೀನಿ. ನಿನ್ನ ಮೊಣಕೈ ಹತ್ರ ಇರಬೇಕು."

ಸ್ಕ್ರೂಡ್ರೈವರ್ ತೂತಿನಿಂದ ನೇರ ನನ್ನ ಪಾದದ ಮೇಲೆ ಇಳಿಯಿತು. ಮೂವತ್ತಾರು ಸ್ಕ್ರೂ ಬಿಚ್ಚಿ, ತಲೆಗೂದಲಿಗೆಲ್ಲ ಬೆಳ್ಳಿ ಹಾಳೆ ಅಂಟಿಸಿಕೊಂಡು ಹೊರಬಂದೆ. ಬಡಗಿ ಗರಗಸ ಹಿಡಿದು ಬಂದ. ಹಲಗೆಗಳನ್ನು ನಡುವೆ ಕೊಯ್ದು, ಚಿಲಕಕ್ಕೆ ಜಾಗ ಬಿಟ್ಟು, ಅರ್ಧ ಗಂಟೆಯಲ್ಲಿ ಎರಡು ಬಾಗಿಲು ಮಾಡಿಕೊಟ್ಟ. ಹತ್ತು ದಿನ ಕೈತಪ್ಪಿತು ಎಂದೇ ನಂಬಿದ್ದೆ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. "ಹೊರಗಿಂದ ಜೋರಾಗಿ ಕೂಗಿ," ಎಂದು ಅಪ್ಪಣೆಯಾಗಿತ್ತು. ಕೂಗಿದೆ. ತಗಡು ಬಡಿದೆ. ಗಂಟಲು ಕಟ್ಟಿತು. ಒಂದು ಗಂಟೆಯಾದ ಮೇಲೆ ಬಾಗಿಲು ತೆರೆಯಿತು. ಅವಳ ಮುಖದಲ್ಲಿ ನಾನೆಂದೂ ಕಾಣದ ಕಳೆ!

"ಎಷ್ಟು ಹೊತ್ತಿಗೆ ಹೊರಡೋದು?" ಎಂದಳು.

ಹಿಗ್ಗಿ ಹೀರೇಕಾಯಿಯಾದೆ! ಮಂಗಳವಾರ ಸಂಜೆ ಸರೋವರ ಮುಟ್ಟಿದೆವು. ದಿಂಬು ಹಿಡಿದು ಹಿಂದಿನ ಬಾಗಿಲಿಗೆ ಹೋದರೆ ಅವಳು ಅಡ್ಡ ನಿಂತಳು.

"ನೀವು ಡ್ರೈವರ್ ಸೀಟಲ್ಲಿ ಮಲಗಿ. ನಡುವೆ ನೀವೇ ಕಟ್ಟಿದ ಗೋಡೆ ಇದೆ, ನಿಮ್ಮ ಗೊರಕೆ ಈ ಕಡೆ ಬರಲ್ಲ!"

ಸ್ಟೇರಿಂಗ್ ತಬ್ಬಿಕೊಂಡು ಮಲಗಿದವನಿಗೆ ಬೆಳಗಿನ ಜಾವ ಎಚ್ಚರವಾಯಿತು. ನೀರಿನಿಂದ ಮಂಜು ಏಳುತ್ತಿತ್ತು. ಬಾತುಗಳು ಅದರೊಳಗೆ ಕರಗಿ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಕಣ್ಣು ತುಂಬಿ ಬಂತು. ಓಡಿ ಹೋಗಿ ಬಾಗಿಲು ತಟ್ಟಿದೆ, ತಗಡು ಗುದ್ದಿದೆ, ಅವಳನ್ನು ಕೂಗಿದೆ. ಕೊನೆಗೆ ಹಾರನ್ ಒತ್ತಿ ಹಿಡಿದೆ. ಬಾತುಗಳೆಲ್ಲ ಹಾರಿಹೋದವು. ದಡದ ಡೇರೆಗಳಿಂದ ಜನ ಎದ್ದು ಬಂದು, ಬಾಯಿಗೆ ಬಂದಂತೆ ಬೈದು, ಗಂಟುಮೂಟೆ ಕಟ್ಟಿಕೊಂಡು ಹೊರಟೇ ಹೋದರು. ಮಂಜೂ ಕರಗಿತು.

ಹನ್ನೊಂದು ಗಂಟೆಗೆ ಹಿಂಬಾಗಿಲು ತೆರೆಯಿತು. ಅವಳು ಮೈಮುರಿದು, ಖಾಲಿ ದಡವನ್ನು ಕಣ್ತುಂಬ ನೋಡಿದಳು.

"ಎಷ್ಟು ಶಾಂತವಾದ ಜಾಗ ರೀ! ಒಂದು ನರಪಿಳ್ಳೆಯ ಗಲಾಟೆಯೂ ಇಲ್ಲ!"